ಗೋಡೆ ಪಕ್ಕದ ಜಾಗ

ಮಸರತ್ ತೀರಿಕೊಂಡಳು. ೨೦೦೯ರ ಏಪ್ರಿಲ್ ಕೊನೆಯ ಬುಧವಾರ, ಬೆಳಗಿನ ಹೊತ್ತು, ನ್ಯೂಜೆರ್ಸಿಯ ಒಂದು ಕ್ರಿಶ್ಚಿಯನ್ ಯೂನಿವರ್ಸಿಟಿಯ ಚಾಪೆಲ್‌ನಲ್ಲಿ, ಬೆಂಚಿನ ಮೇಲೆ ಕೂತಿದ್ದಂತೆಯೇ. ಅವಳಿಗೆ ನಲವತ್ತಮೂರು ವರ್ಷ. ಹೃದಯದ ಕವಾಟ ಕೆಟ್ಟಿತ್ತು. ಮರುದಿನ ಆಪರೇಷನ್ ಇತ್ತು.

ಮುಸ್ಲಿಂ ಹೆಂಗಸು ಪ್ರಾರ್ಥನೆಯ ಹೊತ್ತಿನಲ್ಲಿ ಅಲ್ಲೇಕೆ ಕೂತಿದ್ದಳು ಎಂದು ಜನಾಜಾಕ್ಕೆ, ಅಂತಿಮ ನಮಾಜಿಗೆ, ಬಂದವರಲ್ಲಿ ಒಬ್ಬಿಬ್ಬರು ಕೇಳಿದರು. ಅವಳ ಗಂಡ ಅಬ್ರಾರ್ ತಲೆ ಎತ್ತದೆ, "ಕ್ಲಾಸ್ ಇತ್ತು" ಎಂದ. ಅದು ಸರಿಯಾದ ಉತ್ತರವೇ. ಅದರಾಚೆಗೂ ಹೇಳಬೇಕಾದದ್ದಿದೆ. ಅದನ್ನು ಕಂಡವರು ನಾನು ಮತ್ತು ಮಾರ್ಗರೆಟ್ ಎಂಬ ಮುದುಕಿ ಇಬ್ಬರೇ. ಹಾಗಾಗಿ ಬರೆಯುತ್ತಿದ್ದೇನೆ.

ಮಸರತ್ ಮೈಸೂರಿನ ಮಂಡಿ ಮೊಹಲ್ಲಾದವಳು. ತಂದೆ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಚಿಕ್ಕಂದಿನಲ್ಲಿ ಒಮ್ಮೆ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದಳಂತೆ. ಹೃದಯದ ತೊಂದರೆ ಶುರುವಾದದ್ದು ಅಲ್ಲಿಂದ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಅಮೆರಿಕದ ಸಂಬಂಧ ಬಂತು. ಪರೀಕ್ಷೆಗೆ ಕೂರಲಿಲ್ಲ. ಆ ಮಾತು ಬಂದಾಗಲೆಲ್ಲ, "ನಿಕಾಹ್ ಪೇಪರ್ ಪಾಸಾಯ್ತು, ಕೆಮಿಸ್ಟ್ರಿ ಪೇಪರ್ ಹಾಗೇ ಉಳೀತು" ಎಂದು ನಗುತ್ತಿದ್ದಳು. ಆ ನಗು ಬೇಗ ಮುಗಿಯುತ್ತಿತ್ತು.

ನಾವಿಬ್ಬರೂ ಪರಿಚಯವಾದದ್ದು ನ್ಯೂಜೆರ್ಸಿಯ ಮನ್ರೋ ಎಂಬ ಊರಿನಲ್ಲಿ. ಹೊಲ ಸಮ ಮಾಡಿ ಹೊಸ ಮನೆಗಳನ್ನು ಕಟ್ಟುತ್ತಿದ್ದ ಬಡಾವಣೆ. ನಮ್ಮ ಸಾಲು ಮುಗಿಯುವಷ್ಟರಲ್ಲಿ ದೇಶದ ಹಣಕಾಸು ಕುಸಿಯಿತು, ಬಿಲ್ಡರ್ ಕೈ ಎತ್ತಿದ. ನಮ್ಮ ಮನೆಗಳಾಚೆ ರಸ್ತೆ ಇತ್ತು, ದೀಪದ ಕಂಬಗಳಿದ್ದವು, ಬೀದಿಗೆ ಹೆಸರಿತ್ತು, ಮನೆಗಳಿರಲಿಲ್ಲ. ಕಟ್ಟಿ ಮುಗಿಸಿದ್ದ ಕೆಲವಕ್ಕೂ ಜನ ಬರಲಿಲ್ಲ. ಗಿರಾಕಿಗಳಿಗೆ ತೋರಿಸಲೆಂದು ಸಜ್ಜು ಮಾಡಿದ್ದ ಮಾದರಿ ಮನೆಯಲ್ಲಿ ಮಾತ್ರ ಸಂಜೆಯಾಗುತ್ತಿದ್ದಂತೆ ತಾನಾಗಿ ದೀಪ ಹತ್ತುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ತಟ್ಟೆ, ಲೋಟ, ಮಡಚಿಟ್ಟ ಕರವಸ್ತ್ರ. ಯಾರೋ ಊಟಕ್ಕೆ ಬರಬೇಕಾಗಿತ್ತು, ತಡವಾಗಿದೆ ಎಂಬಂತೆ ಕಿಟಕಿಯಿಂದ ಕಾಣುತ್ತಿತ್ತು.

ಸಂಜೆ ನಡೆಯಲು ಹೋದಾಗ ಮಸರತ್ ಆ ಕಿಟಕಿಯ ಮುಂದೆ ನಿಂತು ಸಲಾಂ ಹೇಳುತ್ತಿದ್ದಳು.

"ಯಾರಿಗೇ?" ಎಂದು ಮೊದಲ ಸಲ ಕೇಳಿದೆ.

"ಖಾಲಿ ಮನೆಗೆ ಹೋದ್ರೂ ಸಲಾಂ ಹೇಳೇ ಒಳಗೆ ಕಾಲಿಡ್ಬೇಕು ಅಂತ ನಮ್ಮ ನಾನಿ, ಅಮ್ಮನ ಅಮ್ಮ, ಹೇಳಿಕೊಟ್ಟಿದ್ರು. ಖಾಲಿ ಅಂತ ನಮಗೆ ಕಾಣ್ಸತ್ತೆ ಅಷ್ಟೆ."

"ಒಳಗೆ ಹೋಗ್ತಿಲ್ವಲ್ಲ ನೀನು."

"ದೀಪ ಹಾಕ್ಕೊಂಡು ಕೂತಿದಾರೆ ಪಾಪ, ಮಾತಾಡಿಸ್ದೆ ಹೋಗಕ್ಕಾಗತ್ತಾ?"

ಅವಳ ಮಗಳು ತೂಬಾ ಆಗ ಹೈಸ್ಕೂಲಿನಲ್ಲಿದ್ದಳು. "ಮಾಮ್, ಸ್ಟಾಪ್, ದಟ್ ಈಸ್ ಸೋ ಕ್ರೀಪಿ" ಎಂದು ಮುಂದೆ ಓಡಿಬಿಡುತ್ತಿದ್ದಳು. ಮಸರತ್ ನನ್ನ ಕಡೆ ತಿರುಗಿ ಅದರ ನಿಯಮವನ್ನೂ ಹೇಳಿದಳು: ಬಂದವರು ಸಲಾಂ ಹೇಳಬೇಕು, ಕೂತವರು 'ವ ಅಲೈಕುಮ್ ಅಸ್ಸಲಾಮ್' ಎಂದು ಜವಾಬು ಕೊಡಬೇಕು. "ಹೇಳೋದು ಮರೆತ್ರೂ ನಡಿಯತ್ತೆ ಕಣೇ. ಜವಾಬು ಮಾತ್ರ ಬಾಕಿ ಇಟ್ಕೋಬಾರ್ದು."

ಅವಳು ಊರಿನ ಶಾಲೆಯೊಂದರಲ್ಲಿ ಟೀಚರಿಗೆ ಸಹಾಯಕಿಯಾಗಿದ್ದಳು. ಓದಲು ಬಾರದ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸುವ ಕೆಲಸ. ಟೀಚರೇ ಆಗಬೇಕೆಂದರೆ ಡಿಗ್ರಿ ಬೇಕು. ಮೈಸೂರಿನಲ್ಲಿ ಓದಿದ್ದನ್ನು ಒಪ್ಪಿಕೊಂಡು ಉಳಿದದ್ದನ್ನು ಮುಗಿಸಲು ಬಿಟ್ಟದ್ದು ಆ ಕ್ರಿಶ್ಚಿಯನ್ ಯೂನಿವರ್ಸಿಟಿ. ಕೆಲಸದ ಜೊತೆಗೇ ವರ್ಷಗಟ್ಟಲೆ ಸಂಜೆ ತರಗತಿಗಳಿಗೆ ಹೋಗಿ ತನ್ನ ಮುಖ್ಯ ವಿಷಯವನ್ನೆಲ್ಲ ಮುಗಿಸಿದಳು. ಕೊನೆಗೆ ಉಳಿದದ್ದು ಜನರಲ್ ಎಜುಕೇಶನ್. ಯಾವ ವಿಷಯದಲ್ಲಿ ಡಿಗ್ರಿ ಪಡೆಯುವವರೂ ಮುಗಿಸಲೇಬೇಕಾದ ಪಾಠಗಳು: ಬೈಬಲಿನ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಭಾಷಣ ಮಾಡುವುದು, ವ್ಯಾಯಾಮ.

ಹಳೆಯ ಒಡಂಬಡಿಕೆ ಅವಳಿಗೆ ತವರುಮನೆಯಂತಿತ್ತು. ಮೀನಿನ ಹೊಟ್ಟೆಯಲ್ಲಿ ಕೂತವರ ಕಥೆ, ಬಾವಿಗೆ ಬಿದ್ದ ಹುಡುಗನ ಕಥೆ, ಎಲ್ಲವನ್ನೂ ನಾನಿಯಿಂದ ಕೇಳಿದ್ದಳು. ಅದೇ ಧೈರ್ಯದಲ್ಲಿ ಓದದೆ ಪರೀಕ್ಷೆಗೆ ಹೋಗಿ, ಅಬ್ರಹಾಮ ಬಲಿ ಕೊಡಲು ಕರೆದೊಯ್ದ ಮಗ ಯಾರು ಎಂಬ ಪ್ರಶ್ನೆಗೆ ನಾನಿಯ ಕಥೆಯಲ್ಲಿದ್ದಂತೆ ಇಸ್ಮಾಯಿಲ್ ಎಂದು ಬರೆದು ಬಂದಳು. ಕ್ಲಾಸಿನಲ್ಲಿ ಹದಿನೆಂಟರ ಹುಡುಗರೆಲ್ಲ ಬೈಬಲಿನಲ್ಲಿರುವಂತೆ ಇಸಾಕ ಎಂದು ಬರೆದಿದ್ದರು.

"ವಾದ ಮಾಡ್ಲಿಲ್ವಾ?" ಎಂದೆ.

"ಅವರ ಮನೆಗೆ ಊಟಕ್ಕೆ ಹೋಗಿ ಸಾರು ಹೀಗಲ್ಲ ಮಾಡೋದು ಅಂತೀಯಾ? ಅವರ ಪುಸ್ತಕ, ಅವರ ಉತ್ತರ. ಪ್ರೊಫೆಸರ್ ಮಾತ್ರ ಪಾಪ, ತಪ್ಪು ಅಂತ ಹಾಕಿ ಕೆಳಗೆ 'ಇಂಟರೆಸ್ಟಿಂಗ್' ಅಂತ ಬರ್ದಿದ್ರು."

ಪಾಠಗಳ ಜೊತೆಗೆ ಇನ್ನೊಂದು ಶರತ್ತಿತ್ತು: ಚಾಪೆಲ್, ಅಂದರೆ ವಾರದ ಪ್ರಾರ್ಥನಾ ಸಭೆ. ಬುಧವಾರ ಬೆಳಿಗ್ಗೆ ಎಲ್ಲರೂ ಅಲ್ಲಿ ಕೂರಬೇಕು. ಹಾಡಲೇಬೇಕೆಂದಿಲ್ಲ, ಪ್ರಾರ್ಥಿಸಲೇಬೇಕೆಂದಿಲ್ಲ, ಕೂತಿರಬೇಕು. ಅದಕ್ಕೆ ಅಂಕವಿಲ್ಲ, ಆದರೆ ಅದಿಲ್ಲದೆ ಡಿಗ್ರಿ ಇಲ್ಲ. ಹಾಜರಿ ಹಾಕುವ ಪದ್ಧತಿ ಹಳೆಯದು. ಪ್ರತಿಯೊಬ್ಬರಿಗೂ ಒಂದು ಗೊತ್ತಾದ ಜಾಗ. ಬೆಂಚಿನ ಬೆನ್ನಿಗೆ ಹಿತ್ತಾಳೆಯ ಸಂಖ್ಯೆ. ಮಾರ್ಗರೆಟ್ ಎಂಬ ನಿವೃತ್ತ ಗುಮಾಸ್ತೆ ಮೇಲಿನ ಬಾಲ್ಕನಿಯಲ್ಲಿ ಕೂತು ಕೆಳಗೆ ನೋಡುತ್ತಾಳೆ. ಬಂದವರನ್ನಲ್ಲ, ಖಾಲಿ ಇರುವ ಜಾಗಗಳನ್ನು ಮಾತ್ರ ಗುರುತು ಮಾಡಿಕೊಳ್ಳುತ್ತಾಳೆ.

ಮಸರತ್‌ಗೆ ಸಿಕ್ಕಿದ್ದು ಹಿಂದಿನ ಸಾಲುಗಳಲ್ಲೊಂದು ಪುಟ್ಟ ಬೆಂಚು. ಇಬ್ಬರು ಕೂರಬಹುದು. ಗೋಡೆಯ ಪಕ್ಕದ್ದೊಂದು ಜಾಗ, ನಡುದಾರಿಯ ಪಕ್ಕದ್ದು ಅವಳದು. ಗೋಡೆಯ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಅಲ್ಲಿ ಸಂಖ್ಯೆಯ ಬದಲು ಒಂದು ಹೆಸರಿನ ಫಲಕವಿತ್ತು: ಎಡಿತ್.

೨೦೦೮ರ ಶರತ್ಕಾಲದಲ್ಲಿ ಅಬ್ರಾರ್‌ನ ಕೆಲಸ ಹೋಯಿತು. ಜೆರ್ಸಿ ಸಿಟಿಯ ಬ್ಯಾಂಕೊಂದರ ಲೆಕ್ಕದ ವಿಭಾಗದಲ್ಲಿದ್ದ, ವಿಭಾಗವೇ ಇಲ್ಲವಾಯಿತು. ಅವನು ಮಾತ್ರ ಬೆಳಗಾದರೆ ಟೈ ಕಟ್ಟಿಕೊಂಡು ಮೊದಲಿನಂತೆಯೇ ಹೊರಡುತ್ತಿದ್ದ. ಹೋಬೋಕನ್‌ಗೆ ಹೋಗಿ ನದಿಯ ಕಟ್ಟೆಯ ಮೇಲೆ ಕೂತು, ಫೆರಿ ದೋಣಿಗಳು ಹೋಗಿಬರುವುದನ್ನು ನೋಡಿ, ಎಂದಿನ ರೈಲಿನಲ್ಲೇ ವಾಪಸಾಗುತ್ತಿದ್ದ. ಆ ರೈಲಿನಲ್ಲಿ ತನ್ನಂಥವರು ಇನ್ನೂ ಇದ್ದಾರೆ, ನೋಡಿದರೆ ಗೊತ್ತಾಗುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ ಎಂದು ಒಮ್ಮೆ ನನಗೆ ಹೇಳಿದ.

ಶಾಲೆಯಲ್ಲೂ ಸಹಾಯಕಿಯರನ್ನು ತೆಗೆಯುವ ಮಾತು ಬಂತು. ಪ್ರಿನ್ಸಿಪಾಲರು ಮಸರತ್‌ಳನ್ನು ಕರೆದು, ಮೇ ತಿಂಗಳಲ್ಲಿ ಡಿಗ್ರಿ ಕೈಗೆ ಬಂದರೆ ಸೆಪ್ಟೆಂಬರಿನಿಂದ ಟೀಚರಾಗಿಯೇ ತೆಗೆದುಕೊಳ್ಳುತ್ತೇನೆ, ಡಿಸೆಂಬರ್ ಎಂದರೆ ಮಾತು ಕೊಡಲಾರೆ ಎಂದರು. ಅದೇ ಸಮಯದಲ್ಲಿ ಡಾಕ್ಟರೂ ಕವಾಟ ಬದಲಾಯಿಸಬೇಕು, ತಡ ಮಾಡಬಾರದು ಎಂದರು. ಇವಳು ಮೇ ಆಗಲಿ ಎಂದಳು. ಡಿಗ್ರಿ ಎಂದರೆ ಮನೆಗೆ ಸಂಬಳ, ನಿಜ. ಆದರೆ ಅಷ್ಟೇ ಆಗಿದ್ದರೆ ಅವಳು ಅಷ್ಟು ಹಟ ಹಿಡಿಯುತ್ತಿರಲಿಲ್ಲ. ಮೈಸೂರಿನಲ್ಲಿ ಅರ್ಧಕ್ಕೆ ಬಿಟ್ಟು ಬಂದ ಆ ಹುಡುಗಿಯನ್ನು, ಅಂದಿನ ತನ್ನನ್ನೇ, ಅವಳು ಪರೀಕ್ಷೆಯ ಕೋಣೆಯೊಳಗೆ ಕಳಿಸಿ ಬರಬೇಕಾಗಿತ್ತು.

ಚಳಿಗಾಲದಲ್ಲಿ ಏದುಸಿರು ಹೆಚ್ಚಾಯಿತು. ಹಿಮ ಬಿದ್ದ ಬುಧವಾರಗಳಲ್ಲಿ ಚಾಪೆಲ್‌ನ ಮೆಟ್ಟಿಲು ಹತ್ತಲಾಗದೆ ಮನೆಯಲ್ಲೇ ಉಳಿದಳು. ಫೆಬ್ರವರಿ ಮುಗಿಯುವಷ್ಟರಲ್ಲಿ ಅನುಮತಿ ಇದ್ದ ಗೈರುಹಾಜರಿಗಳೆಲ್ಲ ಮುಗಿದಿದ್ದವು. ಇನ್ನೊಂದು ತಪ್ಪಿದರೆ ಆ ಶರತ್ತನ್ನು ಮತ್ತೆ ಪೂರೈಸಬೇಕು, ಡಿಗ್ರಿ ಡಿಸೆಂಬರಿಗೆ. ಡ್ರೈವ್ ಮಾಡಬಾರದು ಎಂದು ಡಾಕ್ಟರ್ ಹೇಳಿದ್ದರು. ಅಂದಿನಿಂದ ಬುಧವಾರಗಳಲ್ಲಿ ನಾನೇ ಅವಳನ್ನು ಕರೆದೊಯ್ಯುತ್ತಿದ್ದೆ. ಹೊರಗಿನವರು ಕೊನೆಯ ಸಾಲಿನಲ್ಲಿ ಕೂರಬಹುದಿತ್ತು.

ಮೊದಲ ದಿನವೇ ನೋಡಿದೆ. ಅವಳು ಬೆಂಚಿನ ಹತ್ತಿರ ಹೋಗಿ, ಗೋಡೆಯ ಪಕ್ಕದ ಜಾಗದ ಕಡೆ ತಲೆ ಬಾಗಿಸಿ ಮೆಲ್ಲಗೆ ಸಲಾಂ ಹೇಳಿ ಕೂತಳು. ಹಾಡು ಶುರುವಾದಾಗ ಹಾಡಿನ ಪುಸ್ತಕವನ್ನು ತನ್ನ ಮುಂದೆ ಹಿಡಿಯಲಿಲ್ಲ. ಇಬ್ಬರ ನಡುವೆ ಹಿಡಿದಳು. ಪುಟ ಮುಗಿದ ಮೇಲೂ ಒಂದು ಕ್ಷಣ ಕಾದು ಮಗುಚಿದಳು, ಪಕ್ಕದವರು ಓದಿ ಮುಗಿಸಲಿ ಎಂಬಂತೆ.

ಕಾರಿನಲ್ಲಿ ಕೇಳಿದೆ.

"ಬೆಚ್ಚಗಿರತ್ತೆ ಕಣೇ ಆ ಜಾಗ," ಎಂದಳು. "ಮೊದಮೊದಲು ನಾನಿ ಹೇಳಿಕೊಟ್ಟಿದ್ದು ಅಂತ ಸುಮ್ನೆ ಹೇಳ್ತಿದ್ದೆ. ಡಿಸೆಂಬರಲ್ಲಿ ಒಂದಿನ ಜವಾಬು ಬಂತು."

"ಏನಂತ?"

"ಕಿವಿಗಲ್ಲ. ಬಾಗಿಲು ತೆಗೆದ ತಕ್ಷಣ ಮನೇಲಿ ಯಾರೋ ಇದಾರೆ ಅಂತ ಗೊತ್ತಾಗಲ್ವಾ? ಹಾಗೆ."

"ಭಯ ಆಗಲ್ವೇ ನಿಂಗೆ?"

"ಪಾಪ ಹುಡುಗಿ, ಅವಳಿಗೇ ಭಯ. ಬರೀ ಬೈಬಲ್ ಓದ್ಕೊಂಡಿದ್ಲು, ಪಕ್ಕದಲ್ಲಿ ನನ್ನನ್ನ ಕೂರಿಸ್ಬಿಟ್ರು."

ನಾನು ನಕ್ಕೆ. ಅವಳೂ ನಕ್ಕಳು. ಉಸಿರು ಸಾಲದೆ ನಿಲ್ಲಿಸಿದಳು. ಹುಡುಗಿ ಎಂದು ಅವಳಿಗೆ ಯಾರು ಹೇಳಿದ್ದರು ಎಂದು ಆಗ ನನಗೆ ಕೇಳಲು ತೋಚಲಿಲ್ಲ. ಫಲಕದ ಮೇಲೆ ಹೆಸರೊಂದೇ ಇತ್ತು, ವಯಸ್ಸಿರಲಿಲ್ಲ.

ಏಪ್ರಿಲ್ ಮೊದಲಲ್ಲಿ ಶಾಲೆಯಲ್ಲೇ ಕುಸಿದಳು. ಆಸ್ಪತ್ರೆಗೆ ಸೇರಿಸಿದರು. ಬುಧವಾರ ಬೆಳಗಾದಾಗ ಅವಳಿಗೆ ಬೇರೇನೂ ಬೇಕಿರಲಿಲ್ಲ. ಒಂದು ಗಂಟೆ ಬಿಡಿ, ಹೋಗಿ ಕೂತು ಬರುತ್ತೇನೆ ಎಂದು ನರ್ಸಿನ ಕೈ ಹಿಡಿದುಕೊಂಡಳು. ಆಸ್ಪತ್ರೆಯವರು ಬಿಡಲಿಲ್ಲ. "ರಜನಿ, ನೀನಾದ್ರೂ ಹೋಗಿ ಹೇಳೇ. ಆಸ್ಪತ್ರೆಲಿದೀನಿ, ಸುಳ್ಳಲ್ಲ ಅಂತ ಹೇಳು" ಎಂದಳು.

ನಾನು ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹುಡುಗರೆಲ್ಲ ಹೊರಟುಹೋಗಿದ್ದರು. ಮಾರ್ಗರೆಟ್ ಕೈಗಂಬಿ ಹಿಡಿದು ಬಾಲ್ಕನಿಯಿಂದ ಇಳಿಯುತ್ತಿದ್ದಳು. ನಾನು ಮಸರತ್‌ಳ ಹೆಸರು ಹೇಳಿ, ಈ ದಿನ ಬರಲಾಗದ್ದಕ್ಕೆ ಕಾರಣ ಹೇಳತೊಡಗಿದೆ.

"ಬಂದಿದ್ದಳಲ್ಲ," ಎಂದಳು ಮಾರ್ಗರೆಟ್.

"ಇಲ್ಲ, ಆಸ್ಪತ್ರೆಯಲ್ಲಿದ್ದಾಳೆ. ಈಗ ಅಲ್ಲಿಂದಲೇ ಬಂದೆ."

"ಮಗೂ, ನಾನು ಖಾಲಿ ಜಾಗ ನೋಡುವವಳು. ಅವಳ ಜಾಗ ಖಾಲಿ ಇರಲಿಲ್ಲ. ಹಸಿರು ಶಾಲು."

ನನಗೆ ಸಮಾಧಾನವಾಯಿತು. ಮಸರತ್ ಹಿಂದಿನ ವಾರ ಹಸಿರು ಶಾಲನ್ನು ಬೆಂಚಿನ ಮೇಲೆ ಮರೆತು ಬಂದಿದ್ದಳು. ಇಬ್ಬರೂ ಹೋಗಿ ನೋಡಿದೆವು. ಶಾಲು ಅಲ್ಲೇ ಇತ್ತು. ನೋಡಿ, ಮೇಲಿನಿಂದ ನಿಮಗೆ ಕಂಡದ್ದು ಇದು ಎಂದೆ.

ಮಾರ್ಗರೆಟ್ ಬಗ್ಗಿ ಅದನ್ನು ನೋಡಿದಳು. "ಶಾಲು ಎದ್ದು ನಿಂತು ಹಾಡುವುದಿಲ್ಲ" ಎಂದಳು.

ಶಾಲನ್ನು ಎತ್ತಿಕೊಳ್ಳಲು ಬಗ್ಗಿದೆ. ಮರದ ಹಲಗೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಪಕ್ಕದ ಗೋಡೆಯ ಕಡೆಯ ಜಾಗದ ಮೇಲೂ ಕೈ ಇಟ್ಟು ನೋಡಿದೆ. ತಣ್ಣಗಿತ್ತು.

ಎಡಿತ್ ಯಾರು ಎಂದು ಆಗ ಕೇಳಿದೆ. ಮಾರ್ಗರೆಟ್ ಚಿಕ್ಕವಳಾಗಿದ್ದಾಗ, ಅವಳು ಕೆಲಸಕ್ಕೆ ಸೇರುವುದಕ್ಕೂ ಮೊದಲು, ಇಲ್ಲಿ ಓದುತ್ತಿದ್ದ ಹುಡುಗಿಯಂತೆ. ಕಾಯಿಲೆಯವಳು. ಕೊನೆಯ ವರ್ಷ ತೀರಿಕೊಂಡಳು. ಪರೀಕ್ಷೆಗಳೆಲ್ಲ ಮುಗಿದಿದ್ದವು, ಚಾಪೆಲ್ ಹಾಜರಿ ಮಾತ್ರ ಕಡಿಮೆಯಿತ್ತು. ಸತ್ತ ಮೇಲಾದರೂ ಡಿಗ್ರಿ ಕೊಡಿ ಎಂದು ತಂದೆ ತಾಯಿ ಕೇಳಿದರಂತೆ. ನಿಯಮ ನಿಯಮವೇ ಎಂದರು. ಹಾಗಾದರೆ ಅವಳ ಜಾಗವನ್ನಾದರೂ ಯಾರಿಗೂ ಕೊಡಬೇಡಿ ಎಂದು ಕೇಳಿಕೊಂಡರು. ಅದಕ್ಕೆ ಒಪ್ಪಿದರು.

ಶಾಲು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಮಸರತ್‌ಗೆ ಎಲ್ಲ ಹೇಳಿದೆ. ಅವಳು ಬೆಚ್ಚುತ್ತಾಳೆ ಎಂದುಕೊಂಡಿದ್ದೆ. ಬೆಚ್ಚಲಿಲ್ಲ. ಹಿಂದಿರುಗಿದ ಶಾಲನ್ನು ಮಡಿಲಲ್ಲಿಟ್ಟುಕೊಂಡು ಮಡಿಕೆ ಸರಿಮಾಡಿದಳು.

"ತಮಾಷೆಗೆ ಅಂದಿದ್ದೆ ಕಣೇ," ಎಂದಳು. "ಹೋದ ವಾರ. ನಂಗೆ ಬರಕ್ಕಾಗ್ಲಿಲ್ಲ ಅಂದ್ರೆ ನನ್ನ ಜಾಗ ನೋಡ್ಕೋತೀಯಾ ಅಂದಿದ್ದೆ."

ಹೊರಗೆ ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು.

"ಹಾಜರಿ ಸಿಕ್ತಲ್ಲ, ಬಿಡು. ಮೇನಲ್ಲಿ ಡಿಗ್ರಿ ಬರತ್ತೆ," ಎಂದೆ.

"ಹೆಂಗೆ ಬಿಡ್ಲಿ? ನಂದಲ್ಲ ಅದು. ತನಗೇ ಹಾಜರಿ ಸಾಲದೆ ಹೋದವಳು ತಂದು ನಂಗೆ ಕೊಟ್ಟಿದಾಳೆ. ಅದನ್ನ ಇಟ್ಕೊಂಡು ಟೀಚರಾಗಿ ಮಕ್ಕಳಿಗೆ ಏನು ಹೇಳ್ಕೊಡ್ಲಿ?"

ಅಬ್ರಾರ್ ಅಂದು ಹೋಬೋಕನ್‌ಗೆ ಹೋಗಿರಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದವನು ತಿರುಗಿ, "ಮಸರತ್, ಜೀವ ಮೊದಲು ಉಳೀಲಿ. ಡಿಗ್ರಿ ಡಿಸೆಂಬರಲ್ಲಿ ಬರ್ಲಿ, ಬರದೇನೇ ಇರ್ಲಿ. ರಜನಿ ಅವ್ರೇ, ನೀವಾದ್ರೂ ಹೇಳಿ ಇವಳಿಗೆ," ಎಂದ.

ಹೇಳಿದೆ. ನಮ್ಮಿಬ್ಬರಿಗಿಂತ ಚೆನ್ನಾಗಿ ಡಾಕ್ಟರ್ ಹೇಳಿದರು. ಅವಳು ಎಲ್ಲರ ಮಾತನ್ನೂ ಕೇಳಿಸಿಕೊಂಡು, ಆಪರೇಷನ್‌ಗೆ ಒಪ್ಪಿದಳು. ಏಪ್ರಿಲ್ ಕೊನೆಯ ಗುರುವಾರ ಎಂದು ಗೊತ್ತಾಯಿತು. ಔಷಧಿ ಹಿಡಿದು ಉಸಿರಾಟ ಸುಧಾರಿಸಿದ್ದರಿಂದ ಅಲ್ಲಿಯವರೆಗೆ ಮನೆಗೆ ಕಳಿಸಿದರು. ಮನೆಗೆ ಬಂದವಳೇ ಮಾರ್ಗರೆಟ್‌ಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. "ಆ ದಿನ ನಾನು ಬಂದಿರಲಿಲ್ಲ, ದಯವಿಟ್ಟು ಗೈರುಹಾಜರಿ ಹಾಕಿ" ಎಂದಳು ಮಸರತ್. ಮಾರ್ಗರೆಟ್, "ನಾನು ಕಂಡದ್ದನ್ನೇ ಹಾಕುವುದು" ಎಂದಳು. ಇವಳು ಬಿಡಲಿಲ್ಲ. ಜೀವಮಾನದಲ್ಲಿ ಯಾವ ವಿದ್ಯಾರ್ಥಿಯೂ ಹೀಗೆ ಕೇಳಿರಲಿಲ್ಲವೋ ಏನೋ, ಮುದುಕಿ ಡೀನ್ ಹತ್ತಿರ ಹೋದಳು. ಮಧ್ಯದ ವಾರಗಳಿಗೆ ಡಾಕ್ಟರ ಮಾತಿನ ಮೇಲೆ ವಿನಾಯಿತಿ ಸಿಕ್ಕಿತು. ತಪ್ಪಿದ ಒಂದಕ್ಕೆ ಬದಲಾಗಿ ವರ್ಷದ ಕೊನೆಯ ಚಾಪೆಲ್‌ಗೆ ಬಂದು ಕೂತರೆ ಸಾಕು ಎಂದರು. ಅದು ಆಪರೇಷನ್‌ನ ಹಿಂದಿನ ದಿನ. ಡಾಕ್ಟರ್ ಮುಖ ಗಂಟಿಕ್ಕಿ, ಕೂತಿರುವುದಷ್ಟೇ ಆದರೆ ಹೋಗಲಿ, ಮೆಟ್ಟಿಲು ಬೇಡ ಎಂದರು.

ಅವಳಿಗೆ ಡಿಗ್ರಿ ಬಂತು. ಮೇ ತಿಂಗಳಲ್ಲಿ ಹೆಸರು ಕರೆದಾಗ ತೂಬಾ ವೇದಿಕೆ ಹತ್ತಿ ತೆಗೆದುಕೊಂಡಳು. ಕೆಳಗಿಳಿದು ಬಂದು, ಸಭಾಂಗಣದ ಯಾರೂ ಇಲ್ಲದ ಮೂಲೆಯಲ್ಲಿ ನಿಂತು ತಾಯಿಯ ಹಾಗೆಯೇ ಮೆಲ್ಲಗೆ ಸಲಾಂ ಹೇಳಿದ್ದನ್ನು ನೋಡಿದೆ. ಅಂದು ಮಾರ್ಗರೆಟ್ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು. ಆ ಕೊನೆಯ ಬುಧವಾರ ಆ ಬೆಂಚಿನಲ್ಲಿ ತನಗೆ ಖಾಲಿ ಜಾಗವೇ ಕಾಣಲಿಲ್ಲ ಎಂದು.

ಆ ಬುಧವಾರ ಬಿಸಿಲಿತ್ತು. ಮೆಟ್ಟಿಲು ಬೇಡವೆಂದು ಪಕ್ಕದ ಬಾಗಿಲಿನಿಂದ ಅವಳನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದೆ. ಬೇಗ ಹೋಗಿದ್ದೆವು, ಚಾಪೆಲ್ ಇನ್ನೂ ತುಂಬಿರಲಿಲ್ಲ. ನನ್ನ ತೋಳು ಹಿಡಿದು ಎದ್ದು ತನ್ನ ಜಾಗದಲ್ಲಿ ಕೂತಳು. ಹಸಿರು ಶಾಲು ಸರಿಮಾಡಿಕೊಂಡಳು. ಆವತ್ತು ಅವಳು ಸಲಾಂ ಹೇಳಲಿಲ್ಲ.

"ಮರೆತ್ಯಾ?" ಎಂದು ಕಿವಿಯಲ್ಲಿ ಕೇಳಿದೆ.

"ಅವಳಿನ್ನೂ ಬಂದಿಲ್ಲ ಕಣೇ," ಎಂದಳು, ಬಸ್ಸಿಗೆ ಕಾಯುವವರ ಹಾಗೆ.

ನಾನು ಹಿಂದಿನ ಸಾಲಿಗೆ ಹೋಗಿ ಕೂತೆ. ಹುಡುಗರು ಬಂದು ತುಂಬಿಕೊಂಡರು. ಮೇಲೆ ಮಾರ್ಗರೆಟ್‌ಳ ಕನ್ನಡಕ ಹೊಳೆಯಿತು. ಆರ್ಗನ್ ಶುರುವಾಯಿತು, ಬಾಗಿಲು ಮುಚ್ಚಿದರು, ಎಲ್ಲರೂ ಎದ್ದು ನಿಂತು ಹಾಡತೊಡಗಿದರು. ಅವಳು ಕೂತೇ ಇದ್ದಳು. ನಿಂತವರ ಬೆನ್ನುಗಳ ನಡುವೆ ಅವಳ ಹಸಿರು ಭುಜ ಮಾತ್ರ ನನಗೆ ಕಾಣುತ್ತಿತ್ತು. ನಾನು ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದೆ.

ನಡುದಾರಿಯಲ್ಲಿ ಯಾರೂ ಇರಲಿಲ್ಲ. ಮಸರತ್ ಆ ಕಡೆಗೆ ಮುಖ ಎತ್ತಿದಳು, ಪಕ್ಕದಲ್ಲಿ ಬಂದು ನಿಂತವರನ್ನು ನೋಡುವಾಗ ಎತ್ತುವಷ್ಟು. ಗೋಡೆಯ ಕಡೆಗೆ ಹೋಗುವವರಿಗೆ ದಾರಿ ಬಿಡಲೆಂಬಂತೆ ಮೊಣಕಾಲುಗಳನ್ನು ಒಳಗೆಳೆದುಕೊಂಡು ಶಾಲಿನ ಅಂಚನ್ನು ಮಡಿಲಿಗೆ ಸೇರಿಸಿಕೊಂಡಳು. ಆಮೇಲೆ ಗೋಡೆಯ ಪಕ್ಕದ ಜಾಗದ ಕಡೆ ತಿರುಗಿದಳು. ಹಾಡಿನ ಸದ್ದಿನಲ್ಲಿ ಕೇಳಿಸಲಿಲ್ಲ, ತುಟಿಗಳಿಂದ ಗೊತ್ತಾಯಿತು.

"ವ ಅಲೈಕುಮ್ ಅಸ್ಸಲಾಮ್" ಎಂದಳು.